ಎರಡನೆಯ ಸಲ ಹುಟ್ಟಿದ ಯಜಮಾನರು

ಈ ಸಭೆಯ ಅಧ್ಯಕ್ಷತೆ ವಹಿಸಿ, ಬೇಗ ಮುಗಿಸಿ ಎಂದು ನನಗೆ ಕಣ್ಣಲ್ಲೇ ಹೇಳುತ್ತಿರುವ ಮುಖ್ಯೋಪಾಧ್ಯಾಯರಾದ ಗಂಗಾಧರಪ್ಪನವರೇ, ಬೇಲೂರಿನಿಂದ ಬಸ್ಸು ಹತ್ತಿ ಬಂದಿರುವ ನಮ್ಮ ಬಂಧುಗಳೇ, ಸಹೋದ್ಯೋಗಿ ಮಿತ್ರರೇ, ಹಿಂದಿನ ಸಾಲಿನಲ್ಲಿ ಶಿಸ್ತಿನಿಂದ ಕೂತಂತೆ ನಟಿಸುತ್ತಿರುವ ನನ್ನ ವಿದ್ಯಾರ್ಥಿನಿಯರೇ, ಅರಸೀಕೆರೆಯ ಆತ್ಮೀಯ ಸಭಿಕರೇ,

ಇವತ್ತು ನನ್ನ ನಿವೃತ್ತಿ. ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ಅಧ್ಯಕ್ಷರು "ಚೆಲುವಾಂಬ ಮೇಡಂ ಕರ್ಮಯೋಗಿ" ಎಂದರು. ನಮ್ಮ ಸ್ಟಾಫ್ ರೂಮಿನಲ್ಲಿ ಆ ಮಾತಿಗೆ, ರಜೆ ಹಾಕಿದವರ ಪೀರಿಯಡ್ಡನ್ನೂ ತೆಗೆದುಕೊಳ್ಳುವವರು ಎಂದರ್ಥ. ಇರಲಿ, ಸಂತೋಷ. ವಂದನೆ ಹೇಳಿ ಕೂತುಬಿಡೋಣ ಎಂದೇ ಎದ್ದೆ. ಆದರೆ ಮೂರನೆಯ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಒಬ್ಬರು ಕೂತಿದ್ದಾರಲ್ಲ, ಅವರು ನಮ್ಮ ಯಜಮಾನರು. ಅಥವಾ ಹಿಂದೆ ಆಗಿದ್ದವರು. ಇವತ್ತು ರಾತ್ರಿಯ ರೈಲಿಗೆ ಅವರು ಊರು ಬಿಡುತ್ತಿದ್ದಾರೆ. ಹೋದ ವಾರ ನನ್ನನ್ನು ಕೇಳಿದರು: "ಅಮ್ಮ ಇರೋವರೆಗೂ ಇದು ಅಮ್ಮನ ಮನೆ ಅಂತ ಇದ್ದೆ. ಅವರೂ ಹೋದರು. ಇನ್ನು ಯಾವ ಸಂಬಂಧದ ಮೇಲೆ ಇಲ್ಲಿರಲಿ, ನೀವೇ ಹೇಳಿ." ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು, ಆ ಪ್ರಶ್ನೆ ಬಿಟ್ಟು ಪೇಪರ್ ತಿದ್ದಲು ಕೂತೆ.

ಹೆಂಡತಿಯ ಜೊತೆ ಇರಲು ಗಂಡನಿಗೆ ಇನ್ಯಾವ ಸಂಬಂಧ ಬೇಕು ಎಂದು ಹೊಸ ಮೇಷ್ಟ್ರುಗಳು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಹೇಳುತ್ತೇನೆ. ಅಧ್ಯಕ್ಷರು ಕ್ಷಮಿಸಬೇಕು.

ಎಂಬತ್ತೊಂದನೆಯ ಇಸವಿಯಲ್ಲಿ ಅವರು "ಹಳೇಬೀಡಿಗೆ ಹೋಗಿ ಸಂಜೆಗೆ ಬರ್ತೀನಿ" ಎಂದು ಚೀಲ ಹೆಗಲಿಗೇರಿಸಿ ಹೊರಟರು. ಯಾವ ಸಂಜೆ ಎಂದು ಹೇಳಲಿಲ್ಲ. ಅದಕ್ಕೆ ಮೊದಲು ತಿಂಗಳುಗಟ್ಟಲೆ ಊಟಕ್ಕೆ ಕೂತರೂ ಮೋಕ್ಷದ್ದೇ ಮಾತು. ಹುಟ್ಟು ಸಾವಿನ ಚಕ್ರದಿಂದ ಪಾರಾಗಬೇಕು, ಸಂಸಾರವೇ ಬಂಧನ ಎನ್ನುತ್ತಿದ್ದರು. ಆ ಬಂಧನ ಎದುರಿಗೇ ನಿಂತು ಸಾರು ಬಡಿಸುತ್ತಿತ್ತು. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮತ್ತೆ ರುಕ್ಮಿಣಮ್ಮನವರು.

ಊರವರು ಏನೆಂದರು? "ಎಲ್ಲಾ ಪಡ್ಕೊಂಡು ಬಂದಿದ್ದು ಕಣಮ್ಮ, ಹಿಂದಿನ ಜನ್ಮದ ಕರ್ಮ" ಎಂದರು. ಹಿಂದಿನ ಜನ್ಮದಲ್ಲಿ ನಾನು ಯಾರ ಗಂಡನನ್ನು ಓಡಿಸಿದ್ದೆನೋ ಕಾಣೆ! ನಾನಾದರೋ ಸಮಾಜ ವಿಜ್ಞಾನದ ಮೇಡಂ. ಸಿದ್ಧಾರ್ಥ ಅರಮನೆ ಬಿಟ್ಟು ಹೊರಟ ಪಾಠ ಪ್ರತಿ ವರ್ಷ ಬರುತ್ತಿತ್ತು. ಪ್ರತಿ ವರ್ಷವೂ ಯಾವಳಾದರೂ ಒಬ್ಬಳು ಎದ್ದು, "ಮಿಸ್, ಆಮೇಲೆ ಅವನ ಹೆಂಡ್ತಿ ಏನ್ ಮಾಡಿದ್ಲು?" ಎಂದು ಕೇಳುತ್ತಿದ್ದಳು. ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ ಎನ್ನುತ್ತಿದ್ದೆ.

ಸುದ್ದಿಯಿಲ್ಲದೆ ಹನ್ನೆರಡು ವರ್ಷ ಕಳೆದರೆ, ಹೋದವರನ್ನು ಸತ್ತವರೆಂದೇ ತಿಳಿದು ಉತ್ತರಕ್ರಿಯೆ ಮಾಡುವ ಪದ್ಧತಿ ನಮ್ಮಲ್ಲಿದೆ. ಮುತ್ತುಗದೆಲೆಯ ತೊಟ್ಟುಗಳಲ್ಲಿ ಒಂದು ಬೊಂಬೆ ಕಟ್ಟಿ ಅದನ್ನೇ ದೇಹವೆಂದು ಸುಡುತ್ತಾರೆ. ಇದನ್ನು ಮಾಡಿಸಲೇಬೇಕು ಎಂದು ಹಠ ಹಿಡಿದವರು ಯಾರು ಗೊತ್ತೇ? ನಮ್ಮತ್ತೆ, ಹೆತ್ತ ತಾಯಿ. ನಾನು ಬೇಡವೆಂದು ಅವರ ಕೈ ಹಿಡಿದುಕೊಂಡೆ. "ಅವನಿಗೆ ಸದ್ಗತಿ ಆಗ್ಲಿ ಅಂತಲ್ಲ ಕಣೇ. ದಿನಾ ಸಾಯಂಕಾಲ ಗೇಟಿನ ಸದ್ದಿಗೆ ತಿರುಗಿ ನೋಡ್ತೀಯಲ್ಲ, ಅದು ನಿಲ್ಲಲಿ ಅಂತ. ನಿನ್ನನ್ನ ಬಿಡಿಸಬೇಕು ನಾನು" ಎಂದರು. ಮಗ ಬದುಕಿದ್ದಾನೋ ಇಲ್ಲವೋ ತಿಳಿಯದೆ, ಸೊಸೆಯನ್ನು ಬಿಡಿಸುವುದಕ್ಕಾಗಿ ಮಗನಿಗೆ ಕೊಳ್ಳಿ ಇಡಿಸಿದ ತಾಯಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆಮೇಲೆ ಯಾರೋ ಹೆಂಗಸರು ನನ್ನ ಹಣೆಯ ಕುಂಕುಮದ ಮಾತೆತ್ತಿದಾಗ, "ಅದು ಅವಳ ಅಪ್ಪನ ಮನೇಲಿ ಇಟ್ಟಿದ್ದು, ನನ್ನ ಮಗ ತಂದಿದ್ದಲ್ಲ" ಎಂದು ಬಾಯಿ ಮುಚ್ಚಿಸಿದರು. ಎಲ್ಲ ಮುಗಿದ ಮೇಲೆ ನಾನು ಕುಂಕುಮ ಇಟ್ಟುಕೊಂಡೇ ಶಾಲೆಗೆ ಬಂದೆ. ಸ್ಟಾಫ್ ರೂಮಿನಲ್ಲಿ ಒಬ್ಬರೂ ಒಂದು ಮಾತೂ ಆಡಲಿಲ್ಲ. ಹಾಗೆ ಸುಮ್ಮನಿದ್ದ ನಿಮಗೆಲ್ಲ ಇವತ್ತು ಕೈ ಮುಗಿಯುತ್ತೇನೆ.

ಸತ್ತವರಿಗೆ ವಾಪಸು ಬರುವ ಅಭ್ಯಾಸವಿಲ್ಲ. ಇವರು ಬಂದರು. ತೊಂಬತ್ತೈದರಲ್ಲಿ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದರೆ, ಜಗಲಿಯ ಮೇಲೆ ತಲೆ ಬೋಳಿಸಿಕೊಂಡ ಒಬ್ಬರು ಅತ್ತೆಯ ಕಾಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಶಿ, ಹೃಷೀಕೇಶ ಎಲ್ಲ ಸುತ್ತಿ, ಕೊನೆಗೆ ಗಯೆಯ ಕಡೆ ಒಂದು ಬೌದ್ಧ ವಿಹಾರದ ಅಡುಗೆಮನೆ ಸೇರಿದ್ದರಂತೆ. ಆತ್ಮ ಎಂಬ ಗಟ್ಟಿ ವಸ್ತು ಯಾವುದೂ ಇಲ್ಲ, ಸತ್ತವನೂ ಹುಟ್ಟಿದವನೂ ಒಬ್ಬನೇ ಅಲ್ಲ, ಬೇರೆಯೂ ಅಲ್ಲ, ಹಾಲು ಮೊಸರಾದ ಹಾಗೆ ಎಂದು ಅಲ್ಲಿಯ ಹಿರಿಯ ಭಿಕ್ಷುಗಳು ಹೇಳಿಕೊಟ್ಟರಂತೆ. "ಹೆಪ್ಪು ಹಾಕಿದವರು ಯಾರು ಅಂತ ಕೇಳಿದಿರಾ?" ಎಂದೆ. ಅಷ್ಟು ವರ್ಷಗಳ ಮೇಲೆ ನಾನು ಅವರಿಗೆ ಆಡಿದ ಮೊದಲ ಮಾತು ಅದು.

ಬೇಲೂರಿನ ಪುರೋಹಿತರನ್ನು ಕರೆಸಿದೆವು. "ಶಾಸ್ತ್ರದಲ್ಲಿ ಇವರು ಸತ್ತಿದ್ದಾರೆ. ಮತ್ತೆ ಹುಟ್ಟಬೇಕು" ಎಂದರು. ತಮಾಷೆಯಲ್ಲ, ಅದಕ್ಕೂ ವಿಧಿಯಿದೆ. ಹಂಡೆ ನೀರಿಗೆ ಒಂದು ಮಿಳ್ಳೆ ತುಪ್ಪ ಬಿಟ್ಟು ಮೀಯಿಸಿದರು, ಅದೇ ಗರ್ಭವಂತೆ. ಐವತ್ತು ದಾಟಿದ ಮಗುವಿಗೆ ಎಂಬತ್ತರ ಹತ್ತಿರದ ತಾಯಿ ಬೆರಳಲ್ಲಿ ಜೇನುತುಪ್ಪ ನೆಕ್ಕಿಸಿದರು. ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ, ಆಮೇಲೆ ನೋಡಿದರೆ ಅಳುತ್ತಿದ್ದೆ. ನಾಮಕರಣ, ಉಪನಯನ ಎಲ್ಲ ಒಂದೇ ಬೆಳಗ್ಗೆ ಆಯಿತು. ಕೊನೆಗೆ ಮದುವೆ. ಹಳೆಯ ಹೆಂಡತಿಯನ್ನೇ ಹೊಸದಾಗಿ ಕೈ ಹಿಡಿಯಬೇಕು. ನಮ್ಮವರ ಪ್ರಕಾರ ಆತ್ಮ ಅದೇ, ಗಂಡ ಮಾತ್ರ ಅಲ್ಲ. ಬೌದ್ಧರ ಪ್ರಕಾರ ಮನುಷ್ಯ ಅವನೇ ಎನ್ನುವಂತಿಲ್ಲ, ಮಾಡಿದ ಕರ್ಮ ಮಾತ್ರ ಬೆನ್ನು ಹತ್ತಿ ಬಂದಿದೆ. ಎರಡು ಮತದಲ್ಲೂ ಹುಡುಕಿದೆ, ನನ್ನ ಗಂಡ ಎಲ್ಲೂ ಸಿಗಲಿಲ್ಲ.

ಹೋಮದ ಬೆಂಕಿ ಉರಿಯುತ್ತಿತ್ತು, ಎಲ್ಲರೂ ನನ್ನತ್ತ ನೋಡಿದರು. ಅತ್ತೆ ಎದ್ದು ಬಂದು ಮೆಲ್ಲಗೆ, "ನಾನು ಹೆತ್ತವಳು, ನನಗೆ ಬೇರೆ ದಾರಿ ಇಲ್ಲ. ನಿನಗಿದೆ. ಯಾರ ಮುಖಾನೂ ನೋಡಬೇಡ" ಎಂದರು. ಮೊದಲ ಮದುವೆಯಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುತ್ತಲೇ ಎಂಟು ವರ್ಷವಾಯಿತು.

ಆ ಎಂಟು ವರ್ಷ ಅವರು ಅತ್ತೆಯ ಮಗನಾಗಿ ಹಿಂದಿನ ಕೋಣೆಯಲ್ಲಿದ್ದರು. ಅಡುಗೆ ಅವರದೇ. ಉಪ್ಪು ಕಡಿಮೆ, ವಿಹಾರದ ಕೈ. ಅದಕ್ಕಾಗಿ ಜಗಳವೂ ಆಡಿದ್ದೇವೆ. ಅತ್ತೆ ಹಾಸಿಗೆ ಹಿಡಿದಾಗ ಒಗೆದು, ಒರೆಸಿ, ಮಗುವಿನಂತೆ ನೋಡಿಕೊಂಡರು. ಹಿಂದೆ ನನ್ನನ್ನು "ಏ, ಇವಳೇ" ಎನ್ನುತ್ತಿದ್ದವರು ಈಗ "ನೀವು" ಎನ್ನುತ್ತಾರೆ. ಪೇಪರ್ ತಿದ್ದುತ್ತಾ ಕೂತಿದ್ದರೆ ಕಾಫಿ ತಂದಿಟ್ಟು ಸದ್ದಿಲ್ಲದೆ ಹೋಗುತ್ತಾರೆ. ಮದುವೆಯ ಮಾತನ್ನು ಒಂದು ದಿನವೂ ಎತ್ತಲಿಲ್ಲ.

ಸಭಿಕರೇ, ನನಗೊಂದು ಸಂಶಯ. ಗಂಡ ಹೋದಾಗ ಕರ್ಮ ಎಂದವರು, ಅಂಥ ಅತ್ತೆ ಸಿಕ್ಕಾಗ ಯಾಕೆ ಹಾಗೆನ್ನಲಿಲ್ಲ? ದುಃಖಕ್ಕೆ ಮಾತ್ರವೇ ಹಿಂದಿನ ಜನ್ಮ ಇರುವುದು? ಯಾವ ಜನ್ಮದಲ್ಲಿ ಬಾಯಾರಿದ ಯಾರಿಗೆ ನೀರು ಕೊಟ್ಟಿದ್ದೆನೋ, ಆ ತಾಯಿಯ ಮನೆ ಸೇರಿದೆ, ಈ ಶಾಲೆ ಸೇರಿದೆ, ಈ ಹುಡುಗಿಯರು ಸಿಕ್ಕರು. ಮೋಕ್ಷ ಹುಡುಕಿಕೊಂಡು ದೇಶ ಸುತ್ತಿದವರು ಅವರು. ಅದು ಬಂದದ್ದು ಮಾತ್ರ ಅರಸೀಕೆರೆಯಲ್ಲಿ ಹಾಜರಿ ಕೂಗುತ್ತಿದ್ದ ನನ್ನ ಹತ್ತಿರ. ಯಾರಿಗೂ ಕಾಯದೆ ಬದುಕುವುದನ್ನು ನಾನು ಕಲಿತೆ. ಅದಕ್ಕೆ ಅವರಿಗೂ ಕೃತಜ್ಞಳು, ನಿಜವಾಗಿ ಹೇಳುತ್ತಿದ್ದೇನೆ. ಆದರೆ ಸಿಕ್ಕಿದ್ದನ್ನು ವಾಪಸು ಕೊಡಲಾರೆ.

ಅನಂತರಾಮು ಅವರೇ, ಹೌದು, ಹೆಸರು ಹಿಡಿದೇ ಕರೆಯುತ್ತಿದ್ದೇನೆ. ಗಂಡನಾಗಿದ್ದರೆ ಕರೆಯುತ್ತಿರಲಿಲ್ಲ. ಮದುವೆ ನನಗೆ ಬೇಡ. ಮೊದಲು ಸಂಬಂಧ ಇತ್ತು, ನೀವಿರಲಿಲ್ಲ. ಈಗ ನೀವಿದ್ದೀರಿ, ಸಂಬಂಧಕ್ಕೆ ಹೆಸರಿಲ್ಲದಿದ್ದರೂ ನಡೆಯುತ್ತದೆ. ಬೀದಿಯವರು ಕೇಳಿದರೆ ನನ್ನ ಹತ್ತಿರ ಕಳಿಸಿ, ನಾಳೆಯಿಂದ ನನಗೆ ಬೇಕಾದಷ್ಟು ಬಿಡುವಿದೆ. ಹೋಗಬೇಡಿ. ಎಂಬತ್ತೊಂದರಲ್ಲಿ ಈ ಮಾತು ಹೇಳಲು ನೀವು ನನಗೆ ಅವಕಾಶವನ್ನೇ ಕೊಡಲಿಲ್ಲ, ಅದಕ್ಕೆ ಇವತ್ತು ಮೈಕಿನಲ್ಲಿ ಹೇಳುತ್ತಿದ್ದೇನೆ.

ಹೇಳುವ ಅವಕಾಶ ಕೊಟ್ಟ ಅಧ್ಯಕ್ಷರಿಗೂ, ನಮ್ಮ ಮನೆಯ ಮಾತನ್ನು ನಿಮ್ಮ ಮನೆಯದೆಂಬಂತೆ ಕೇಳಿದ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.