ಕುಂಟು ಕಾಲಿಗೆ ಕಾಯುವ ಮಟ್ಟು

…ಅಯ್ಯೋ, ಮೊದಲು ಕೂತ್ಕೊಳ್ಳೋ ಮಾರಾಯ! ಗೆದ್ದೋನೇ ಹೀಗೆ ಮುಖ ಗಂಟು ಹಾಕ್ಕೊಂಡು ನಿಂತ್ರೆ ಸೋತೋರು ಏನು ಮಾಡ್ಬೇಕು? ಬಾ, ಟ್ರಕ್ಕಿನ ಹಿಂದೆ ಈ ಹಲಗೆ ಮೇಲೆ ಕೂರು… ಆ ಕಡೆ ಅಲ್ಲ, ನನ್ನ ಕಡೆ ತಿರುಗಿ. ಬಿಸಿಲು ನಿನ್ನ ಮುಖದ ಮೇಲೆ ಬೀಳ್ಲಿ. ನಂಗೆ ಬಿಸಿಲಾಗಲ್ಲ, ಅಷ್ಟೇ.

ಏನಂದೆ? ಜೋರಾಗಿ ಹೇಳು. ಮಾತೆಲ್ಲ ಆ ಗಡ್ಡದೊಳಗೇ ಸಿಕ್ಕಿಹಾಕ್ಕೊಂಡ್ರೆ ಹೊರಗೆ ಬರೋದು ಹ್ಯಾಗೆ? ಈ ದರಿದ್ರ ಜನರೇಟರ್ ಬೇರೆ… ಯಾಕೆ ಆ ಕಡೆ ನೋಡ್ತೀಯ? ನಿಲ್ಲಿಸಿದಾರಾ? ಯಾವಾಗ? ಹಂ… ಇರ್ಲಿ ಬಿಡು. ಗಾಳಿ ಇರ್ಬೇಕು.

ಗೊತ್ತು ಕಣೋ ಎಸ್ಟಿಲ್, ನೀನು ಯಾಕೆ ಬಂದೆ ಅಂತ. ಪಿಟೀಲು ನುಡಿಸ್ತಿರೋದು ನೀನೇ ಅಂತ ಗೊತ್ತಿದ್ದೇ ಮೊದಲ ಬಹುಮಾನ ಕೊಟ್ಟೆಯಾ ಅರ್ವಿಲ್ ಅಂತ ಕೇಳೋಕೆ. ಅಲ್ವಾ? ನೋಡು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು! ಈ ಮೇಳದಲ್ಲಿ ತೀರ್ಪುಗಾರರನ್ನ ಎಲ್ಲಿ ಕೂರಿಸ್ತಾರೆ? ಆ ಹಳೇ ಬಸ್ಸೊಳಗೆ. ಕಿಟಕಿಗೆಲ್ಲ ಕಂಬಳಿ. ವೇದಿಕೆ ಕಾಣಲ್ಲ, ಹೆಸರು ಹೇಳಲ್ಲ. ಒಂದು ಸ್ಪೀಕರ್ರು, ಕೈಗೆ ಒಂದು ನಂಬರ್ ಚೀಟಿ. ಅಷ್ಟೇ! ಅಣ್ಣನೋ ತಮ್ಮನೋ, ಯಾರಿಗೆ ಗೊತ್ತು?

ಯಾಕೆ ನಗ್ತೀಯ? ನಗೋ ಅಂಥದ್ದು ಏನು ಹೇಳಿದೆ?

ಯಾರು… ರೀಬಾ? ಆ ಗಿರಣಿಯೋರ ಮನೆ ಹುಡುಗಿ? ನಿನಗಿಂತ ಚೆನ್ನಾಗಿ ನುಡಿಸಿದ್ಲಾ? ಹೋಗೋ! ಬೆರಳು ಚುರುಕಾಗಿದೆ, ಒಪ್ಪಿದೆ. ಚುರುಕು ಅಳಿಲಿಗೂ ಇರುತ್ತೆ. ಏನು? ಅಳ್ತಿದ್ಲಾ? ಬಸ್ಸಿನ ಹಿಂದೇನಾ? ಅಯ್ಯೋ, ನಾನು ಆ ಕಡೆಯಿಂದಾನೇ ಇಳಿದು ಬಂದೆ, ಒಂದಿಷ್ಟೂ ಕೇಳಿಸ್… ನೋಡ್ಲಿಲ್ಲ. ನೋಡ್ಲಿಲ್ಲ ಅಂದೆ.

ಆಯ್ತಪ್ಪ, ಕೋಪ ಮಾಡ್ಕೋಬೇಡ. ನಿನ್ನ ಸಂಕಟ ನಂಗೆ ಅರ್ಥವಾಗಲ್ವಾ? ಆ ಮೂರನೇ ಬೆರಳು ಮಡಚ್ಕೊಂಡು ಬರ್ತಿದೆ, ತಂತಿ ಮೇಲೆ ಸರಿಯಾಗಿ ಕೂರ್ತಿಲ್ಲ. ಮುಂದಿನ ಭಾನುವಾರ ಸಮಾಧಿಗಳಿಗೆ ಹೂವಿಡೋ ದಿನ. ಇಡೀ ಕೊಳ್ಳದ ಜನ ಬುತ್ತಿ ಕಟ್ಕೊಂಡು ಗುಡ್ಡಕ್ಕೆ ಬರ್ತಾರೆ. ಅವರೆದುರು ನಿನ್ನ ಓಮಾಳ ಸಮಾಧಿ ಹತ್ತಿರ ನುಡಿಸ್ಬೇಕು. ಸಾಯೋ ಮುಂಚೆ ಅವಳೇ ಕೇಳ್ಕೊಂಡಿದ್ದು. ಕೈಯಲ್ಲಿ ಇನ್ನೂ ಜೀವ ಇದ್ರೆ ನುಡಿಸ್ತೀನಿ, ಇಲ್ದಿದ್ರೆ ಅವಳ ಮುಂದೆ ಮಾನ ಕಳ್ಕೊಳ್ಳಲ್ಲ ಅಂತ ನಿನ್ನ ಹಠ. ಅದನ್ನ ತಿಳ್ಕೊಳ್ಳೋಕೇ ತಾನೆ ಇವತ್ತು ವೇದಿಕೆ ಹತ್ತಿದ್ದು? ಹೆಂಡತಿ ಸತ್ತ ಮೇಲೆ ಮೊದಲ ಸಲ?

ಕೇಳು ಹಾಗಾದ್ರೆ. ನುಡಿಸು! ಧೈರ್ಯವಾಗಿ ನುಡಿಸು!

ಏನು, ನಂಬಿಕೆ ಬರಲ್ವಾ? ಸರಿ… ಸರಿ ಮಾರಾಯ, ಹೇಳ್ಬಿಡ್ತೀನಿ. ಗೊತ್ತಿತ್ತು. ನೀನೇ ಅಂತ ಗೊತ್ತಿತ್ತು! ಕನಿಕರ ಅಲ್ವೋ, ಕಿವಿ ಹೇಳ್ತು. ನೀನು ‘ಹಂದಿ ದಾಟಿದ ಹೊಳೆ’ ಎತ್ಕೊಂಡೆ. ಆ ಮಟ್ಟನ್ನ ಎಲ್ಲರೂ ನುಡಿಸ್ತಾರೆ, ರೀಬಾನೂ ನುಡಿಸ್ತಾಳೆ. ಆದ್ರೆ ಎರಡನೇ ಸಾಲಿನ ಕೊನೆಗೆ ತಾಳದ ಒಂದು ಪೆಟ್ಟು ಹೆಚ್ಚಿಗೆ ಹಾಕ್ತಿದ್ದೋರು ಯಾರು? ನಿಮ್ಮಪ್ಪ. ಗಣಿಯ ಚಾವಣಿ ಕುಸಿದು ಕಾಲು ಕುಂಟಾಯ್ತಲ್ಲ, ಆಮೇಲೆ ತಾಳ ಹಾಕೋ ಕಾಲು ಒಂದು ಪೆಟ್ಟು ತಡ. ಆ ಕಾಲು ಬರೋ ತನಕ ಪಿಟೀಲೂ ನಿಂತು ಕಾಯ್ತಿತ್ತು! ಕುಣಿಯೋರೆಲ್ಲ ಒಬ್ಬರ ಮೇಲೊಬ್ಬರು ಬೀಳೋರು. ಅದನ್ನ ಕಲ್ತೋನು ನೀನೊಬ್ಬನೇ, ಅದಕ್ಕೆ ಬ್ಯಾಂಜೊದಲ್ಲಿ ಜೊತೆ ಕೊಡೋಕೆ ಬರೋದು ನನಗೊಬ್ಬನಿಗೇ.

ಇವತ್ತು ಆ ಪೆಟ್ಟು ಬಿತ್ತು ನೋಡು… ಆಹಾ! ಎಷ್ಟು ಹದವಾಗಿ ಬಿತ್ತು! ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಬಸ್ಸೊಳಗೆ ಕಣ್ಣಲ್ಲಿ ನೀರು ಬಂತು ಕಣೋ ನಂಗೆ. ಆ ಪೆಟ್ಟಿಗೇ ಅಷ್ಟು ಅಂಕ ಕೊಟ್ಟೆ. ಹೋಗು, ಈಗ ನಿಶ್ಚಿಂತೆಯಾಗಿ…

ಏನು? ಯಾಕೆ ಹಾಗೆ ನೋಡ್ತೀಯ?

ತಲೆ ಯಾಕೆ ಅಲ್ಲಾಡಿಸ್ತೀಯ? ಇಲ್ಲ ಅಂದ್ರೆ? ಏನು ಇಲ್ಲ?

…ಹಾಕ್ಲಿಲ್ವಾ?

ಬಿಟ್ಬಿಟ್ಯಾ? ನಾನು ಗುರುತು ಹಿಡಿದ್ಬಿಡ್ತೀನಿ ಅಂತ… ಬೇಕಂತಲೇ? ಎಲ್ಲರ ಥರ ನೆಟ್ಟಗೆ ನುಡಿಸಿದ್ಯಾ, ಉದ್ದಕ್ಕೂ?

ಸುಳ್ಳು. ಸುಳ್ಳು ಹೇಳ್ತಿದ್ದೀಯ! ನಾನು ಕೇಳಿದೆ ಎಸ್ಟಿಲ್! ದೇವರಾಣೆ, ಕೇಳಿಸ್ತು… ನಿಮ್ಮಪ್ಪನ ಕಾಲಿನ ಸಪ್ಪಳಾನೂ ಕೇಳಿಸ್ತು…

ಅಷ್ಟು ದೂರ ಯಾಕೆ ಸರೀತೀಯ? ನೋಡು… ಬೆಳಗ್ಗೆ ಒಟ್ಟಿಗೆ ಬಿಸ್ಕೆಟ್ಟು, ಹಂದಿಮಾಂಸ ತಿಂದ್ವಲ್ಲ. ಆಗ ನಿನ್ನ ಟೋಪಿಗೆ ನಂಬರ್ ಸಿಕ್ಕಿಸಿದ್ದೆ. ಬಸ್ಸಲ್ಲಿ ಅದೇ ನಂಬರ್ ಚೀಟಿ ಕೈಗೆ ಬಂತು. ಸ್ಪೀಕರಿಂದ ಏನೋ ಬರ್ತಿತ್ತು… ಹೊಳೆ ಆಚೆ ದಡದಲ್ಲಿ ಯಾರೋ ಮರ ಕೊಯ್ದ ಹಾಗೆ. ಎರಡು ವರ್ಷದಿಂದ ನನ್ನ ಕಿವಿಗೆ ಎಲ್ಲ ಹಾಗೇ. ಅದಕ್ಕೆ ಕಣ್ಣು ಮುಚ್ಕೊಂಡೆ. ಕಣ್ಣು ಮುಚ್ಚಿದ್ರೆ ನೀನು ಪೂರ್ತಿ ಕೇಳಿಸ್ತೀಯ ಕಣೋ. ಪ್ರಾಯದಲ್ಲಿ ನುಡಿಸ್ತಿದ್ಯಲ್ಲ, ಓಮಾ ನಿನ್ನ ಸುತ್ತ ಕುಣೀತಿದ್ಲಲ್ಲ, ಆಗಿನ ನೀನು.

ಆ ಹುಡುಗಿ ಹ್ಯಾಗೆ ನುಡಿಸಿದ್ಲೋ ನಂಗೆ ಗೊತ್ತಿಲ್ಲ. ನಿನ್ನ ಬೆರಳು ಕೂತಿತೋ ಜಾರಿತೋ… ಅದೂ ಗೊತ್ತಿಲ್ಲ. ನಂಗೆ ನಾಚಿಕೆ ಆಗ್ತಿದೆ ಎಸ್ಟಿಲ್. ಭಾನುವಾರದ ಮಾತು ನನ್ನ ಕೇಳಬೇಡ. ಬೇರೆ ಯಾರನ್ನಾದ್ರೂ ಕೇಳು. ರೀಬಾನ ಕೇಳು.

ಬೈಯೋದಾದ್ರೆ ಬೈಯೋ. ತುಟಿನಾದ್ರೂ ಆಡಿಸೋ.

…ಎದ್ದು ಹೋಗ್ತೀಯಾ? ಹೋಗು. ಆದ್ರೆ ನನ್ನ ಕಣ್ಣೆದುರೇ ಹೋಗು ಮಾರಾಯ. ಬೆನ್ನ ಹಿಂದಿಂದ ಹೋದ್ರೆ, ನೀನು ಇನ್ನೂ ಇಲ್ಲೇ ಕೂತಿದ್ದೀಯ ಅನ್ಕೊಂಡು ಮಾತಾಡ್ತಾನೇ ಇರ್ತೀನಿ ನಾನು.