ಮಡಗಾಸ್ಕರಿನ ಪಡುವಣ ದಂಡೆ

ಮಾನ್ಯ ಅಧ್ಯಕ್ಷರೇ, ಮುಖ್ಯಾಧ್ಯಾಪಕ ಯಜ್ಞೇಶ್ವರ ಹೆಗಡೆಯವರೇ, ಸಹೋದ್ಯೋಗಿಗಳೇ, ಮಕ್ಕಳೇ, ದೇವಬಾಗದಿಂದ ಎರಡು ಬಸ್ಸು ಬದಲಿಸಿ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಹೆತ್ತ ಆಯಿ ನೀಲಾಬಾಯಿಯೇ, ಸಮಸ್ತ ಸಭಿಕರೇ,

ಇಂದು ನಿವೃತ್ತಳಾಗುತ್ತಿರುವ ನಾನು ಇಪ್ಪತ್ತೊಂಬತ್ತು ವರ್ಷ ಈ ಅಂಕೋಲೆಯಲ್ಲಿ ಭೂಗೋಳ ಕಲಿಸಿದೆ. ಮಡಗಾಸ್ಕರ್ ದ್ವೀಪವನ್ನು ಎಷ್ಟು ಸಲ ಕಲಿಸಿದೆನೋ! ಕಣ್ಣಾರೆ ಕಂಡ ದ್ವೀಪ ಮಾತ್ರ ಕಾರವಾರದ ಎದುರಿನ ಕೂರ್ಮಗಡ ಒಂದೇ.

ಹೆಗಡೆಯವರು ಈಗ ತಾನೇ ಹೇಳಿದರು, "ಪೂರ್ಣಿಮಾ ಅಕ್ಕೋರು ನಕಾಶೆಯ ಮುಂದೆ ಎಂದೂ ತಪ್ಪು ಹೇಳಿದವರಲ್ಲ" ಎಂದು. ಕ್ಷಮಿಸಿ ಸರ್, ಒಮ್ಮೆ ಹೇಳಿದ್ದೇನೆ. ಬೇಕೆಂದೇ ಹೇಳಿದ್ದೇನೆ.

ಐದು ವರ್ಷದ ಹಿಂದಿನ ಮಾರ್ಚ್ ತಿಂಗಳು. ನನ್ನ ತಮ್ಮ ರೂಪೇಶ ಸರಕು ಹಡಗಿನಲ್ಲಿ ಖಲಾಸಿ. ಮಡಗಾಸ್ಕರಿನ ಮೂಡಣ ದಂಡೆಯ ಬಂದರಿನಲ್ಲಿದ್ದೇನೆ, ಮಾರ್ಚ್ ಮುಗಿಯುವವರೆಗೂ ಇಲ್ಲೇ, ಎಂದು ನನಗೆ ಕಾಗದ ಬರೆದಿದ್ದ. ಕಾಗದ ಕೈಸೇರಿದ ವಾರವೇ ರೇಡಿಯೋದಲ್ಲಿ ಸುದ್ದಿ: ಆ ದ್ವೀಪದತ್ತ ದೊಡ್ಡ ತುಫಾನು.

ಮರುದಿನ ಆಯಿ ಶಾಲೆಗೇ ಬಂದಳು. ಅಕ್ಷರ ಬಾರದವಳು, ಎಂದೂ ಶಾಲೆಯ ಮೆಟ್ಟಿಲು ಹತ್ತದವಳು, ಸ್ಟಾಫ್ ರೂಮಿನಲ್ಲಿ ನಿಂತು, "ನಿನ್ನ ನಕಾಶೆ ಬಿಚ್ಚು. ಅಂವ ಎಲ್ಲಿದ್ದ ತೋರ್ಸು" ಎಂದಳು.

ಬಿಚ್ಚಿದೆ. ಬೇರೇನು ಮಾಡಲಿ? ಪಾಠವನ್ನೇ ಮಾಡಿದೆ. "ಆಯಿ, ಇದು ನಮ್ಮ ಕರ್ನಾಟಕದ ಮೂರು ಪಟ್ಟು ದೊಡ್ಡದು. ನಡುವೆ ನಮ್ಮ ಘಟ್ಟದ ಹಾಗೆ ಎತ್ತರದ ನೆಲ. ನಮಗೆ ಮಳೆ ಪಡುವಣದಿಂದ, ಅವರಿಗೆ ಮೂಡಣದಿಂದ. ಮೂಡಣದಲ್ಲಿ ದಟ್ಟ ಕಾಡು. ಘಟ್ಟ ದಾಟಿದ ಗಾಳಿಯಲ್ಲಿ ನೀರು ಕಡಿಮೆ. ಅದಕ್ಕೇ ಪಡುವಣದಲ್ಲಿ ಬೊಡ್ಡೆಯೊಳಗೆ ನೀರು ಕೂಡಿಟ್ಟುಕೊಳ್ಳುವ ದಪ್ಪ ದಪ್ಪ ಮರಗಳು."

"ಹಂಗಾರೆ ಅವ್ರ ಮೂಡಣ ಅಂದ್ರೆ ನಮ್ಮ ಕಾರವಾರ, ಪಡುವಣ ಅಂದ್ರೆ ಘಟ್ಟದಾಚೆ ಮುಂಡಗೋಡ?"

ನನ್ನ ಬಿ.ಎಡ್. ಗುರುಗಳೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ!

"ತುಫಾನು ಯಾವ ಬದಿಗೆ?"

"ಮೂಡಣಕ್ಕೆ."

"ರೂಪೇಶ?"

ನನ್ನ ಬೆರಳು ಮೂಡಣ ದಂಡೆಯ ಮೇಲೆಯೇ ಇತ್ತು. ಅದನ್ನು ಘಟ್ಟ ಹತ್ತಿಸಿ, ಇಳಿಸಿ, ಆಚೆ ನಿಲ್ಲಿಸಿದೆ. "ಇಲ್ಲಿ ಆಯಿ, ಪಡುವಣಕ್ಕೆ."

"ಹ್ಞಾಂ" ಎಂದಳು. ರೂಪೇಶನ ಸುದ್ದಿ ಬರುವವರೆಗೆ ನನ್ನ ಮನೆಯಲ್ಲೇ ಉಳಿದಳು. ಅಡುಗೆ ಮಾಡಿದಳು, ನನಗೆ ಡಬ್ಬಿ ಕಟ್ಟಿದಳು, ನೆರೆಯವರೊಡನೆ ನಗುನಗುತ್ತಾ ಮಾತಾಡಿದಳು. ನಾನು ಡಬ್ಬಿಯನ್ನು ಮುಚ್ಚಿದ ಹಾಗೇ ಮರಳಿ ತರುತ್ತಿದ್ದೆ. ಸುಳ್ಳು ಹೇಳಿದವಳಿಗೆ ಅನ್ನ ಇಳಿಯುವುದೇ?

ನಾಲ್ಕನೆಯ ದಿನ ನಮ್ಮ ಬೀದಿಯ ತುಳಸಿದಾಸರ ಎಸ್‌ಟಿಡಿ ಅಂಗಡಿಗೆ ನನಗೆ ಫೋನು ಬಂತು. "ಅಕ್ಕಾ, ನಾನೇ! ಮುನ್ಸೂಚನೆ ಸಿಕ್ಕಿದ್ದೇ ಕ್ಯಾಪ್ಟನ್ ಲಂಗರು ಎತ್ತಿದ್ರು. ಉತ್ತರದ ತುದಿ ಸುತ್ತಿ ಪಡುವಣಕ್ಕೆ ಬಂದ್ವಿ. ಮಳೆ ಸಿಕ್ಕಾಪಟ್ಟೆ, ಆದ್ರೆ ಎಲ್ಲರೂ ಆರಾಮ. ಇಲ್ಲಿ ಹೊಳೆ ನೋಡ್ಬೇಕು ನೀನು, ಇಟ್ಟಿಗೆ ಕಲಸಿದ ಹಾಗೆ ಕೆಂಪು!"

ನಾನು ಅತ್ತ ಅಳುವಿಗೆ ತುಳಸಿದಾಸರು ಕೆಟ್ಟ ಸುದ್ದಿಯೆಂದು ತಿಳಿದು ಅಂಗಡಿಯ ಬಾಗಿಲನ್ನೇ ಅರ್ಧ ಎಳೆದಿದ್ದರು.

ಮನೆಗೆ ಓಡಿದೆ. ಆಯಿ ಬಂಗಡೆ ಹೆಚ್ಚುತ್ತಿದ್ದಳು. "ರೂಪೇಶ ಆರಾಮಿದ್ದಾನೆ. ಆಯಿ, ನಾನು ನಿನಗೆ ಸುಳ್ಳು ಹೇಳಿದ್ದೆ."

"ಗೊತ್ತಿತ್ತು. ನಂಗೂ ಒಂದು ಕಾಗದ ಬಂದಿತ್ತಲ್ಲೇ. ಪಕ್ಕದ್ಮನೆ ಬಾಬು ಓದಿ ಹೇಳಿದ್ದ, ಮೂಡಣದ ಬಂದರು ಅಂತ."

"ಮತ್ತೆ ಶಾಲೆಗೆ ಯಾಕೆ ಬಂದೆ?"

"ಅಂವ ಇರೋ ಜಾಗ ಒಂದ್ಸಲ ನೋಡ್ಬೇಕಿತ್ತು."

"ನಂಬಿದ ಹಾಗೆ ಯಾಕೆ ಇದ್ದೆ?"

"ನಾ ಅಳ್ತಾ ಕೂತಿದ್ರೆ ನೀ ಹ್ಯಾಂಗೆ ಪಾಠ ಮಾಡ್ತಿದ್ದೆ? ಮಕ್ಕಳ ಪರೀಕ್ಷೆ ಹತ್ರ ಬಂದಿತ್ತು."

ಅಷ್ಟು ಹೇಳಿ, ಮೀನಿನ ಕೈಯಲ್ಲೇ ಮುಖ ಮುಚ್ಚಿಕೊಂಡು, ನಾಲ್ಕು ದಿನದ ಅಳುವನ್ನು ಒಂದೇ ಸಲಕ್ಕೆ ಅತ್ತಳು. ಆಮೇಲೆ ಇಬ್ಬರೂ ಕುಳಿತು ಮೂರು ಸಲ ಬಡಿಸಿಕೊಂಡು ಉಂಡೆವು.

ಮಕ್ಕಳೇ, ಆ ವರ್ಷದ ನಿಮ್ಮ ಅಣ್ಣ-ಅಕ್ಕಂದಿರು ಭೂಗೋಳದಲ್ಲಿ ಒಬ್ಬರೂ ನಪಾಸಾಗಲಿಲ್ಲ. ಅದಕ್ಕಾಗಿ ಈ ಶಾಲು, ಈ ಹಾರ ಯಾರಿಗೆ ಸಲ್ಲಬೇಕೋ ಅವರ ಬಳಿಗೆ ಈಗ ವೇದಿಕೆ ಇಳಿದು ಹೋಗುತ್ತೇನೆ. ಇಷ್ಟು ವರ್ಷ ನನ್ನನ್ನು ಸಹಿಸಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ.