ಮೇಸ್ತ್ರಿ ಎತ್ತಿ ನಿಲ್ಲಿಸಿದ ರಾಜ್ಯ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮೇಸ್ತ್ರಿಯ ಹೆಂಡತಿ ಅಕ್ಕನಿಗೆ, ಅವರ ಮಗಳಿಗೆ, ನಮ್ಮ ಲಿಫ್ಟ್ ರಿಪೇರಿ ಅಂಗಡಿಯ ಗೆಳೆಯರಿಗೆ — ಮತ್ತೆ, ಯಾರ ಪರಿಚಯವೂ ಇಲ್ಲದೆ ಹಿಂದಿನ ಸಾಲಿನಲ್ಲಿ ಮುದುಡಿ ಕುಳಿತಿರುವ ಆ ಆರು ಜನಕ್ಕೂ. ನನಗೆ ಭಾಷಣ ಬರುವುದಿಲ್ಲ. ವಾರದಿಂದ ಸರಿಯಾಗಿ ನಿದ್ದೆಯೂ ಇಲ್ಲ. ಮಾತು ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೇಸ್ತ್ರಿ ಜೊತೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ನಿಮ್ಮಲ್ಲಿ ಅನೇಕರು ಅವರನ್ನು ನೋಡಿರುವುದು ಹೀಗೆ — ಅರ್ಧ ಮೈ ಲಿಫ್ಟಿನ ಕೆಳಗಿನ ಗುಂಡಿಯೊಳಗೆ, ಅರ್ಧ ಹೊರಗೆ, ಬಾಯಲ್ಲಿ ಟಾರ್ಚು. ಟಾರ್ಚು ಕಚ್ಚಿಕೊಂಡೇ ನನ್ನನ್ನು ಬೈಯುತ್ತಿದ್ದರು. ಒಂದಕ್ಷರ ತಿಳಿಯುತ್ತಿರಲಿಲ್ಲ, ಬೈಗುಳ ಎನ್ನುವುದು ಮಾತ್ರ ತಿಳಿಯುತ್ತಿತ್ತು. ಮೊದಲ ದಿನ ಹೇಳಿಕೊಟ್ಟ ಪಾಠ ಒಂದೇ — "ಕೆಲ್ಸಕ್ಕೆ ಕೈ ಹಾಕೋ ಮುಂಚೆ ಬಾಗಿಲು ಮುಚ್ಚು, ಬೀಗ ಹಾಕು, ಬೋರ್ಡು ತೂಗುಹಾಕು. ಆಮೇಲೆ ಸ್ಪ್ಯಾನರ್ ಮುಟ್ಟು." ನಾನು ಒಂದು ದಿನವೂ ಅದನ್ನು ಮೀರಿಲ್ಲ.

ಆರು ವರ್ಷದ ಹಿಂದೆ ಅವರ ಕಾಲು ಮುರಿಯಿತು. ಮನೆಯಲ್ಲಿ ಕುಳಿತಿದ್ದವರನ್ನು ಮಗಳು ಕಂಪ್ಯೂಟರ್ ಮುಂದೆ ಕೂರಿಸಿದಳು. "ಅಪ್ಪಾ, ಅಮ್ಮನ ತಲೆ ತಿನ್ನೋ ಬದ್ಲು ಇದನ್ನ ಆಡು." ಎಲ್ಲೆಲ್ಲಿಂದಲೋ ಸಾವಿರಾರು ಜನ ಒಟ್ಟಿಗೆ ಆಡುವ ಆಟ — ಮಂತ್ರವಾದಿಗಳು, ಡ್ರ್ಯಾಗನ್‌ಗಳು, ಕೋಟೆಗಳು. ಎಲ್ಲರೂ ಡ್ರ್ಯಾಗನ್ ಕೊಲ್ಲಲು ಬಲಕ್ಕೆ ಹೋದರೆ ನಮ್ಮವರು ದಾರಿ ತಪ್ಪಿ ಎಡಕ್ಕೆ ಹೋದರು. ಅಲ್ಲೊಂದು ಬಿದ್ದುಹೋದ ರಾಜ್ಯ. ಹಿಂದೆ ಆಟಗಾರರೇ ಕಟ್ಟಿದ್ದಂತೆ. ಒಂದು ಯುದ್ಧ ಸೋತರು, ಅಷ್ಟರಲ್ಲಿ ಹೊಸ ಹೊಸ ನಾಡುಗಳು ತೆರೆದವು, ಎಲ್ಲರೂ ಗಂಟುಮೂಟೆ ಕಟ್ಟಿದರು. ಉಳಿದದ್ದು ಹುಲ್ಲು, ಕಲ್ಲು, ಸೂರಿಲ್ಲದ ಅರಮನೆ. ಬೇರೆ ಯಾರಾದರೂ ಬಂದ ದಾರಿ ಹಿಡಿಯುತ್ತಿದ್ದರು. ಇವರ ಕಣ್ಣಿಗೆ ಬಿದ್ದದ್ದು ಊರ ಮುಂದಿನ ಎತ್ತುವ ಸೇತುವೆ, ಅರ್ಧಕ್ಕೆ ಸಿಕ್ಕಿಕೊಂಡು ನಿಂತಿತ್ತು. ಸರಪಳಿ, ಗಾಲಿ, ತೂಕದ ಕಲ್ಲು. ನನಗೆ ಫೋನ್ ಮಾಡಿದರು — "ಲೇ, ಇಲ್ಲೂ ನಮ್ದೇ ಲಿಫ್ಟು ನಿಂತ್ಹೋಗಿದೆ ಕಣೋ!"

ಆ ಆಟದಲ್ಲಿ ಸರಪಳಿಯ ಒಂದು ಕೊಂಡಿ ಬೇಕೆಂದರೂ ಗಣಿಗೆ ಹೋಗಿ ಅದಿರು ಅಗೆಯಬೇಕು, ಕಾಯಿಸಬೇಕು, ಬಡಿಯಬೇಕು. ಹನ್ನೊಂದು ದಿನ ಬಡಿದರು. ಸೇತುವೆ ಇಳಿಯಿತು. ಕಾಲು ವಾಸಿಯಾಯಿತು, ಚಟ ವಾಸಿಯಾಗಲಿಲ್ಲ. ಆಮೇಲೆ ದಿನಾ ಊಟದ ಹೊತ್ತಿನಲ್ಲಿ, ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ — ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಮೌಸು. ಬಾವಿ ತೋಡಿದರು, ಬೀದಿಗೆ ಕಲ್ಲು ಹಾಸಿದರು, ಮನೆಗಳಿಗೆ ಸೂರು ಹೊದಿಸಿದರು. ಒಬ್ಬೊಬ್ಬರೇ ಬಂದು ಸೇರಿದರು. ಒಬ್ಬರು ನರ್ಸ್, ಒಬ್ಬರು ಟ್ಯಾಕ್ಸಿ ಓಡಿಸುವವರು — ಹಿಂದಿನ ಸಾಲಿನವರೇ, ಸ್ವಲ್ಪ ಕೈ ಎತ್ತಿ — ಹಾಂ, ಇವರೇ. ಅರಮನೆ ಎದ್ದ ದಿನ "ಮೇಸ್ತ್ರಿ, ನೀವೇ ರಾಜ ಆಗಿ" ಅಂದರಂತೆ. "ಸಿಂಹಾಸನದ ಕಾಲು ಅಲ್ಲಾಡ್ತಿದೆ, ಮೊದ್ಲು ಅದನ್ನ ನೋಡೋಣ" ಅಂದರಂತೆ ಇವರು. ಕೊನೆಯವರೆಗೂ ಅದು ಅಲ್ಲಾಡುತ್ತಲೇ ಇತ್ತು.

ಅಕ್ಕನಿಗೆ ಆ ರಾಜ್ಯ ಕಂಡರೆ ಮೈಯೆಲ್ಲ ಉರಿ. ಅಕ್ಕಾ, ಹೇಳಬಹುದಲ್ಲ? ಇಡೀ ಅಂಗಡಿಗೆ ಕೇಳುವ ಹಾಗೆ ಫೋನಿನಲ್ಲಿ ಅನ್ನುತ್ತಿದ್ದರು — "ಅಲ್ಲಿ ಬಾವಿ ತೋಡಿದ್ದು ಸಾಕು, ಇಲ್ಲಿ ಅಡುಗೆಮನೆ ನಲ್ಲಿ ಸೋರ್ತಿದೆ!"

ಈಗ ನಾನು ಹೇಳಬೇಕಾದದ್ದು. ಇದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಆಸ್ಪತ್ರೆ ಸೇರುವಾಗ ಮೇಸ್ತ್ರಿ ಆ ಊರನ್ನು ನನ್ನ ಕೈಗೆ ಒಪ್ಪಿಸಿದರು. ಹೋಗಿ ನೋಡಿದೆ, ಸೇತುವೆಯ ಒಂದು ಹಲಗೆ ಬಿರುಕು ಬಿಟ್ಟಿತ್ತು. ನಾನೇನು ಮಾಡಿದೆ? ಹತ್ತೊಂಬತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದೆ. ಸೇತುವೆ ಎತ್ತಿದೆ, ಬೀಗ ಹಾಕಿದೆ, "ಕೆಲಸ ನಡೆಯುತ್ತಿದೆ" ಎಂದು ಬೋರ್ಡು ತೂಗುಹಾಕಿದೆ. ಆಮೇಲೆ ಅಂಗಡಿಯ ಕೆಲಸ ಮೈಮೇಲೆ ಬಿತ್ತು. ನಾಳೆ ಮರ ತಂದರಾಯಿತು ಅಂದುಕೊಂಡೆ. ನಾಳೆ — ನಾಳೆ — ಒಂಬತ್ತು ದಿನ. ಊರೊಳಗೆ ಹೋಗಲು ಇದ್ದದ್ದು ಆ ಸೇತುವೆ ಒಂದೇ, ಒಂಬತ್ತು ದಿನ ಅಲ್ಲಿ ಒಬ್ಬರೂ ಕಾಲಿಡಲಿಲ್ಲ. ಆಟ ನಡೆಸುವ ಕಂಪನಿಯಿಂದ ನೋಟಿಸ್ ಬಂತು. ಈ ರಾಜ್ಯ ಪಾಳು ಬಿದ್ದಿದೆ, ಭಾನುವಾರ ಸಂಜೆ ಐದಕ್ಕೆ ನಲವತ್ತು ಜನ ಒಳಗಿರದಿದ್ದರೆ ಅಳಿಸಿಹಾಕುತ್ತೇವೆ ಅಂತ.

ಅಂದು ಸಂಜೆ ಆಸ್ಪತ್ರೆಗೆ ಹೋದೆ. "ಊರು ಹೇಗಿದೆ?" ಅಂದರು.

"ಚೆನ್ನಾಗಿದೆ ಮೇಸ್ತ್ರಿ."

"ಜನ ಬರ್ತಿದಾರಾ?"

"ಹೂಂ. ತುಂಬಾ ಜನ."

ಕಣ್ಣು ಮುಚ್ಚಿಕೊಂಡೇ ನಕ್ಕರು. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು.

ನನಗೆ ನಾಚಿಕೆಯಾಗುತ್ತಿದೆ. ಅವರನ್ನು ಮಣ್ಣು ಮಾಡಿ ಬಂದವನೇ ಹಲಗೆ ಬದಲಿಸಿ ಸೇತುವೆ ಇಳಿಸಿದೆ. ಸಿಕ್ಕಸಿಕ್ಕವರಿಗೆಲ್ಲ ಬರೆದೆ, ಕೈಮುಗಿದೆ. ನಿನ್ನೆ ಭಾನುವಾರ ಎಷ್ಟು ಸಲ ಎಣಿಸಿದರೂ ಮೂವತ್ತೊಂಬತ್ತೇ — ನಾನೂ ಸೇರಿ, ಮಗಳೂ ಸೇರಿ. ಐದಕ್ಕೆ ಹತ್ತು ನಿಮಿಷ ಇತ್ತು. ಆಗ — ಸೇತುವೆಯ ಮೇಲೆ ಮೇಸ್ತ್ರಿ ನಡೆದು ಬಂದರು. ಆಟದಲ್ಲಿ ಅವರು ದಿನಾ ತೊಡುತ್ತಿದ್ದ ಅದೇ ಕಂದು ಅಂಗಿ, ಸೊಂಟದಲ್ಲಿ ಸುತ್ತಿಗೆ. ಬಂದವರು ನೆಟ್ಟಗೆ ಹೋಗಿ ಗೋಡೆಗೆ ಡಿಕ್ಕಿ ಹೊಡೆದರು. ತಿರುಗಿದರು, ಮತ್ತೆ ಡಿಕ್ಕಿ. ಯಾರೋ "ಯಾರದು?" ಎಂದು ಬರೆದರು. ಆಮೇಲೆ ಒಂದೊಂದೇ ಅಕ್ಷರ ಮೂಡಿತು — "ನಾನು ಇವರ ಮನೆಯವಳು. ಎಲ್ಲಿ ನಿಲ್ಲಬೇಕು?"

ಅಕ್ಕ. ಮಗಳಿಗೂ ಹೇಳದೆ, ಪಕ್ಕದ ಕೋಣೆಯಲ್ಲಿ ಒಬ್ಬರೇ ಕುಳಿತು, ಗಂಡನ ಹೆಸರಿನಲ್ಲಿ ಒಳಗೆ ಬಂದಿದ್ದರು.

ನಲವತ್ತಾಯಿತು. ರಾಜ್ಯ ಉಳಿಯಿತು. ಮೂರು ತಿಂಗಳಾದ ಮೇಲೆ ಮತ್ತೆ ತಲೆ ಎಣಿಸುತ್ತಾರಂತೆ, ಆಗ ಏನೋ ಎಂತೋ.

ಅಕ್ಕಾ, ನೀವು ನಿನ್ನೆ ಆ ಊರು ಉಳಿಸಲು ಬಂದಾಗ ಅದನ್ನು ಹಾಳು ಮಾಡಿದ್ದು ಯಾರೆಂದು ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಅವರ ಕೊನೆಯ ಮಾತಿಗೆ ನಾನು ಸುಳ್ಳು ಹೇಳಿ ಕಳಿಸಿದೆ. ಕ್ಷಮಿಸಿ ಎಂದು ಅವರನ್ನು ಕೇಳಲಾಗಲಿಲ್ಲ, ನಿಮ್ಮನ್ನು ಕೇಳುತ್ತಿದ್ದೇನೆ. ಉತ್ತರ ಇವತ್ತೇ ಕೊಡಬೇಕೆಂದಿಲ್ಲ.

ಸಾಕು, ನನಗೆ ಇನ್ನು ಮಾತು ಬರುವುದಿಲ್ಲ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮೇಸ್ತ್ರಿಗಾಗಿ ಎರಡು ನಿಮಿಷ ಮೌನವಾಗಿರೋಣ. ಅಕ್ಕಾ, ನನ್ನ ಜೊತೆ ನಿಲ್ಲಲು ನಿಮಗೆ ಮನಸ್ಸು ಬಾರದಿದ್ದರೆ, ಕುಳಿತೇ ಇರಿ — ನಾನು ಹೊರಗೆ ಹೋಗಿ ನಿಲ್ಲುತ್ತೇನೆ.